ಕೇಳದೆ ಸಿಕ್ಕಿದ್ದು

ನಮ್ಮ ಮನೆಯ ರೇಡಿಯೋದ ಬಾಯಿ ಮುಚ್ಚಿಸಿದವನು ನಾನೇ. ಇದು ನನಗೆ ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು.

ನಮ್ಮದು ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಬೆಂಗಳೂರಲ್ಲಿ ಕೆಲಸ ಸಿಕ್ಕ ಮಕ್ಕಳೆಲ್ಲ ಏನು ಮಾಡ್ತಾರೋ ನಾನೂ ಅದನ್ನೇ ಮಾಡಿದೆ. ಒಂದು ದೀಪಾವಳಿಗೆ ಹಳೇ ಬಲ್ಬು ತೆಗೆಸಿ ಮನೆ ತುಂಬ ಎಲ್‌ಇಡಿ ಹಾಕಿಸಿದೆ. ಯುಗಾದಿಗೆ ಇನ್ವರ್ಟರ್ ಬಂತು. ಆಮೇಲೆ ವೈಫೈ, ಅಪ್ಪನ ಕೈಗೊಂದು ಸ್ಮಾರ್ಟ್‌ಫೋನ್. ಅಷ್ಟೊತ್ತಿಗೆ ಅಪ್ಪನ ರೇಡಿಯೋದಲ್ಲಿ ಗುಂಯ್ ಅನ್ನೋ ಸದ್ದು ಬಿಟ್ಟರೆ ಬೇರೇನೂ ಬರ್ತಿರಲಿಲ್ಲ. "ಧಾರವಾಡ ಹತ್ತವಲ್ದು ತಮ್ಮಾ" ಅಂತ ಫೋನಿನಲ್ಲಿ ಹೇಳ್ತಿದ್ದ. "ಹಳೇ ಸೆಟ್ಟು, ಬಿಡಪ್ಪಾ. ಫೋನಿನ್ಯಾಗ ಎಲ್ಲಾ ಐತಲ್ಲ" ಅಂದು ನಾನು ಮೀಟಿಂಗಿಗೆ ಓಡ್ತಿದ್ದೆ.

ಅಪ್ಪ ಬಿಡಲಿಲ್ಲ. ರಾಣೆಬೆನ್ನೂರಿನಲ್ಲಿ ರಿಪೇರಿಯವನ ಹತ್ತಿರ ಒಯ್ದ. ಅಂಗಡಿ ಹೊರಗಿನ ಕಟ್ಟೆ ಮೇಲೆ ಇಟ್ಟರೆ ರೇಡಿಯೋ ಚೆನ್ನಾಗೇ ಮಾತಾಡಿತಂತೆ. ಮನೆಗೆ ತಂದರೆ ಮತ್ತೆ ಗುಂಯ್. ಹಾವೇರಿಗೆ ಹೋಗಿ ಹೊಸದೇ ಕೊಂಡು ತಂದ. ಅದೂ ಗುಂಯ್ ಅಂತು.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಸಂಜೆ ಅಪ್ಪ ಮನೇಲಿರಲಿಲ್ಲ. "ಇನ್ನೆಲ್ಲಿ, ಕಣದಾಗ" ಅಂದಳು ಅವ್ವ. ಇಬ್ಬನಿಯಲ್ಲಿ ಕಂಬಳಿ ಹೊದ್ದು, ಗೋವಿನಜೋಳದ ರಾಶಿಗೆ ಒರಗಿ, ಎದೆ ಮೇಲೆ ರೇಡಿಯೋ ಇಟ್ಕೊಂಡು ಕೂತಿದ್ದ. ಧಾರವಾಡ ಸ್ವಚ್ಛವಾಗಿ ಬರ್ತಿತ್ತು. ಹಿಂದಿನ ವಾರ ಅದೇ ದಾರೀಲಿ ಕತ್ತಲಲ್ಲಿ ಬದುವಿಗೆ ಎಡವಿ ಬಿದ್ದು ಮೊಣಕಾಲು ಕೆತ್ತಿಸಿಕೊಂಡಿದ್ದನ್ನು ನನಗೆ ಯಾರೂ ಹೇಳಿರಲಿಲ್ಲ.

ಮನೇಲಿ ಬರದ್ದು ಹೊಲದಲ್ಲಿ ಹೇಗೆ ಬರುತ್ತೆ? ಆಮೇಲೆ ಓದಿದೆ. ಧಾರವಾಡದ ಮೀಡಿಯಂ ವೇವ್ ನೆಲಕ್ಕಂಟಿಕೊಂಡು ನೂರಾರು ಕಿಲೋಮೀಟರ್ ಹೋಗಬಲ್ಲದು. ಆದರೆ ಎಲ್‌ಇಡಿ, ಇನ್ವರ್ಟರ್, ಚಾರ್ಜರುಗಳ ಒಳಗಿನ ಸರ್ಕ್ಯೂಟುಗಳು ಅದೇ ತರಂಗಗಳ ಜಾಗದಲ್ಲಿ ಸದ್ದು ಚೆಲ್ಲುತ್ತವೆ. ದೂರದಿಂದ ಬಂದ ದನಿ ಮನೆಯೊಳಗಿನ ಗದ್ದಲದಲ್ಲಿ ಮುಳುಗಿಹೋಗುತ್ತೆ. ಅಂದರೆ ನಾನು ಪ್ರೀತಿಯಿಂದ ಕೊಡಿಸಿದ ಒಂದೊಂದೂ ಅಪ್ಪನ ರೇಡಿಯೋ ಮೇಲೆ ಕೂಗಾಡ್ತಿತ್ತು.

ಅಲ್ಲೇ ಕಣದಲ್ಲಿ ಕೇಳಿದೆ: ಆಕಾಶವಾಣಿ ಆ್ಯಪ್ ಹಾಕಿಕೊಟ್ಟೀನಲ್ಲ, ಯೂಟ್ಯೂಬ್ ಐತಿ, ಬೇಕಾದ್ದು ಕೇಳಬಹುದಲ್ಲ? ಅಪ್ಪ ದನಿ ಸಣ್ಣದು ಮಾಡಿ ಹೇಳಿದ: "ಫೋನು ನಾ ಕೇಳಿದ್ದು ಕೊಡ್ತೈತಿ ತಮ್ಮಾ. ರೇಡಿಯೋ ನಾ ಕೇಳಲಾರದ್ದೂ ಕೊಡ್ತೈತಿ."

ಆ ಮಾತು ಬೆಂಗಳೂರಿನ ತನಕ ನನ್ನ ಜೊತೆ ಬಂತು. ಕೇಳು ಅನ್ನೋ ಒಂದೇ ಮಾತಿನಲ್ಲಿ ಬೇಡೋದೂ ಇದೆ, ಆಲಿಸೋದೂ ಇದೆ. ನಮ್ಮ ಫೋನು ಮೊದಲನೆಯದನ್ನಷ್ಟೇ ಕಲಿತಿದೆ.

ಅಪ್ಪ ಓದಿದ್ದು ಏಳನೇ ಇಯತ್ತೆ. ಅವನಿಗೆ ರೇಡಿಯೋದಿಂದ ಬೇಕಾಗಿದ್ದು ಎರಡೇ: ಮೆಣಸಿನಗಿಡದ ಮುಟುರು ರೋಗಕ್ಕೆ ಏನು ಮಾಡಬೇಕು ಅನ್ನೋದು, ಮಳೆ ಸುದ್ದಿ. ಕಣದಲ್ಲಿ ಹಣ್ಣು ಮೆಣಸಿನಕಾಯಿ ಒಣಗೋಕೆ ಹಾಕಿದಾಗ ಒಂದು ಮಳೆ ಹೊಡೆದರೆ ಬಣ್ಣ ಹೋಯ್ತು, ಬಣ್ಣ ಹೋದರೆ ಬ್ಯಾಡಗಿ ಪೇಟೆಯಲ್ಲಿ ರೇಟೂ ಹೋಯ್ತು. ಆದರೆ ರೈತರ ಕಾರ್ಯಕ್ರಮಕ್ಕೆ ಕಾಯ್ತಾ ಕೂತವನ ಕಿವಿಗೆ ಅದರ ಹಿಂದು ಮುಂದಿನದೆಲ್ಲ ಬಿತ್ತು. ಮಲ್ಲಿಕಾರ್ಜುನ ಮನ್ಸೂರ ಬಂದರು, ನಮ್ಮ ಹಾನಗಲ್ಲನ್ನು ಹೆಸರಿನಲ್ಲೇ ಹೊತ್ತ ಗಂಗೂಬಾಯಿ ಬಂದರು, ನಾಟಕ ಬಂತು, ಸೋಬಾನೆ ಪದ ಬಂತು. ರಾಗದ ಹೆಸರು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಮನ್ಸೂರರ ದನಿ ಮಾತ್ರ ಅರ್ಧ ಆಲಾಪಕ್ಕೇ ಗುರುತು ಹಿಡಿತಾನೆ. ಯಾವ ಆಲ್ಗರಿದಮ್ಮು ಒಬ್ಬ ಮೆಣಸಿನಕಾಯಿ ರೈತನಿಗೆ ಮನ್ಸೂರರನ್ನು ತೋರಿಸುತ್ತೆ ಹೇಳಿ?

ಇದು ಸುಮ್ಮನೆ ಆದದ್ದಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರನ್ನು ಮುಂದೆ ಇಡೀ ದೇಶದ ರೇಡಿಯೋ ಇಟ್ಟುಕೊಂಡಿತು. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಆಗ ನಾವು ಮುಂಬಯಿ ರಾಜ್ಯದವರು, ಏಕೀಕರಣಕ್ಕೆ ಇನ್ನೂ ಆರು ವರ್ಷ ಬಾಕಿ. ನಕ್ಷೆಯಲ್ಲಿ ಹಂಚಿಹೋಗಿದ್ದ ಕನ್ನಡದವರಿಗೆ ದಿನಾ ಒಂದೇ ಹೊತ್ತಿಗೆ ಒಂದೇ ದನಿ ಕೇಳತೊಡಗಿತು. ಅಲ್ಲಿ ಬೇಂದ್ರೆ ಸಲಹೆಗಾರರಾಗಿದ್ದರು, ಸಂಗೀತಕ್ಕೆ ಮನ್ಸೂರರು.

ಆಕಾಶವಾಣಿಯದೆಲ್ಲ ಬಂಗಾರ ಅಂತ ನಾನು ಹೇಳ್ತಿಲ್ಲ. ಕೇಳದ್ದನ್ನು ಕೊಡೋದು ಅತಿಯಾದರೆ ಏನಾಗುತ್ತೆ ಅನ್ನೋದನ್ನೂ ಅದೇ ತೋರಿಸಿದೆ. 1952ರಲ್ಲಿ ಕೇಂದ್ರ ಮಂತ್ರಿ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ದೂರ ಇಟ್ಟರು. ಜನ ರೇಡಿಯೋ ಸಿಲೋನ್ ಕಡೆ ತಿರುಗಿಸಿಕೊಂಡರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ತರಬೇಕಾಯ್ತು. ತುರ್ತು ಪರಿಸ್ಥಿತಿಯಲ್ಲಿ ಅದು ಪೂರಾ ಸರ್ಕಾರದ ಬಾಯಿಯಾಯ್ತು. ಪ್ರಸಾರ ಭಾರತಿ ಬಂದದ್ದು 1997ರಲ್ಲಿ. ಆ ಅನುಮಾನ ಇವತ್ತಿಗೂ ಪೂರಾ ಹೋಗಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕರ ಆಸ್ತಿ ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಖಾಸಗಿ ಎಫ್‌ಎಂಗಳಿಗೆ ಸ್ವಂತ ಸುದ್ದಿ ಓದೋ ಹಕ್ಕಿಲ್ಲ.

ಇಷ್ಟಾದರೂ ಒಂದು ವ್ಯತ್ಯಾಸ ಉಳಿಯುತ್ತೆ. ಜಾಹೀರಾತು ಕೊಡುವವನಿಗೆ ನಮ್ಮೂರು ಪೇಟೆ ಆದರೆ ಮಾತ್ರ ಬೇಕು. ಧಾರವಾಡದ ರೇಡಿಯೋಗೆ ನಮ್ಮೂರು ಸುಮ್ಮನೆ ಊರು, ಅಷ್ಟೇ. ನನ್ನ ಫೋನಿಗೆ ನಾನೊಬ್ಬನೇ ಗಿರಾಕಿ. ಅದು ನನಗೆ ನನ್ನನ್ನೇ ತಿರುಗಾ ಮುರುಗಾ ಬಡಿಸುತ್ತೆ. ಮೂವತ್ತೆರಡಕ್ಕೇ ನಾನು ಹೊಸ ಹಾಡು ಕೇಳೋದು ಬಿಟ್ಟಿದ್ದೀನಿ. ಅಪ್ಪ ಅರವತ್ತೆಂಟಕ್ಕೆ ಕತ್ತಲಲ್ಲಿ ಬದು ದಾಟಿ ಹೋಗ್ತಾನೆ, ಇವತ್ತು ಏನು ಬರುತ್ತೋ ನೋಡೋಣ ಅಂತ.

ಕಡೆಗೆ ಅವ್ವನೇ ದಾರಿ ಕಂಡುಹಿಡಿದಳು. ಈಗ ಸಂಜೆ ಒಂದು ತಾಸು ನಮ್ಮನೆಯಲ್ಲಿ ಮೇನ್ ಸ್ವಿಚ್ಚೂ ಬಂದ್, ಇನ್ವರ್ಟರೂ ಬಂದ್. ಪಡಸಾಲೆಯಲ್ಲಿ ಚಿಮಣಿ ಹಚ್ಚಿ ಇಬ್ಬರೂ ಕೂತ್ಕೋತಾರೆ. ನೆರೆಮನೆ ದೀಪಗಳ ಗುಂಯ್ ಒಂಚೂರು ಇರುತ್ತಂತೆ, ನಡೆಯುತ್ತಂತೆ.

ಆ ಹೊತ್ತಿಗೆ ನಾನು ಫೋನ್ ಮಾಡೋ ಹಾಗಿಲ್ಲ. ಒಮ್ಮೆ ಮರೆತು ಮಾಡಿದೆ. ಅಪ್ಪ ಹಲೋ ಅನ್ನಲಿಲ್ಲ, ಫೋನನ್ನು ರೇಡಿಯೋ ಪಕ್ಕ ಇಟ್ಟ. ಯಾರೋ ಹೆಣ್ಣುಮಗಳು ಹಾಡ್ತಿದ್ದಳು, ನಾನು ಯಾವತ್ತೂ ಕೇಳಿರದ ಹಾಡು. ಟೆಕ್ ಪಾರ್ಕಿನ ಮೆಟ್ಟಿಲ ಮೇಲೆ ಕೂತು ಪೂರಾ ಕೇಳಿದೆ.