ಪರದೆ ಎದ್ದ ಬೀದಿ

ಹಂಪಿಯ ವಿರೂಪಾಕ್ಷನ ರಂಗಮಂಟಪದಲ್ಲಿ ಕತ್ತೆತ್ತಿ ನಿಂತಿದ್ದೇನೆ. ಮೇಲೆ ಛತ್ತಿನ ತುಂಬ ಚಿತ್ರಗಳು. ಒಂದು ಕಡೆ ಗಿರಿಜಾ ಕಲ್ಯಾಣ ನಡೆದಿದೆ, ಇನ್ನೊಂದು ಕಡೆ ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿಯಿಟ್ಟಿದ್ದಾನೆ. ದ್ರೌಪದಿಯ ಸ್ವಯಂವರ! ಬಳ್ಳಾರಿ ಸೀಮೆಯಲ್ಲಿ ನಾಟಕ ನೋಡಿ ಬೆಳೆದವರಿಗೆ ದ್ರೌಪದಿ ಎಂದರೆ ಒಬ್ಬರೇ, ಸುಭದ್ರಮ್ಮ ಮನ್ಸೂರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ಅವರು ಹಾಡು ಎತ್ತಿಕೊಂಡರೆ ನೆಲದ ಟಿಕೆಟ್ಟಿನಲ್ಲಿ ಕೂತಿದ್ದ ನಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. 2020ರಲ್ಲಿ ಅವರು ತೀರಿಕೊಂಡರು. ಆ ದನಿ ಇವತ್ತು ಈ ಛತ್ತಿನ ಕೆಳಗೆ ಮತ್ತೆ ಕೇಳಿಸುತ್ತಿದೆ.

ಬಿಷ್ಟಪ್ಪಯ್ಯನ ಗೋಪುರ ದಾಟಿದೊಡನೆ ಬಿಸಿಲೂ ಸದ್ದೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ನಾಳೆ ಚೈತ್ರದ ಹುಣ್ಣಿಮೆ, ತೇರು. ಹೂವಿನ ಬುಟ್ಟಿಗಳು, ಕುಂಕುಮದ ಗುಡ್ಡೆಗಳು, ಬಾಣಲೆಯಲ್ಲಿ ಚುರುಗುಟ್ಟುವ ಮಿರ್ಚಿ, ಪೀಪಿ ಊದುವ ಮಕ್ಕಳು. ಒಗ್ಗರಣೆ ಮಂಡಕ್ಕಿಯ ವಾಸನೆ ಹಿಡಿದು ನಡೆಯುತ್ತೇನೆ, ಅದು ನನ್ನನ್ನು ನೇರ ನಾಟಕದ ಥಿಯೇಟರಿಗೇ ಕರೆದೊಯ್ಯುತ್ತದೆ.

ಜಾತ್ರೆಯ ಬಯಲಲ್ಲಿ ತಗಡಿನ ಗೋಡೆ ಎದ್ದಿತೆಂದರೆ ಕಂಪನಿ ಬಂತು. ಸಂಜೆಗೆ ಬಣ್ಣದ ಬಲ್ಬು. ಒಳಗೆ ಅರಮನೆ, ಕಾಡು, ಬೀದಿ ಬರೆದ ಪರದೆಗಳು ಸುರುಳಿ ಸುತ್ತಿ ಕಾದಿರುತ್ತಿದ್ದವು. ರಂಗದ ಮುಂದೆ ಕಾಲು ಹಾರ್ಮೋನಿಯಂ; ಮೇಷ್ಟ್ರು ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಯಲ್ಲಿ ನುಡಿಸುತ್ತಿದ್ದರು. ನಾಂದಿ ಮುಗಿದು ಸೀಟಿ ಊದಿದರೆ ಪರದೆ ಮೇಲೇರುತ್ತಿತ್ತು. ಯುದ್ಧಕ್ಕೆ ಹೊರಟ ವೀರ ಹಾಡುತ್ತಿದ್ದ, ಬಾಣ ತಾಗಿ ಬಿದ್ದ ಮೇಲೂ ಹಾಡುತ್ತಿದ್ದ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತವನೇ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಎರಡು ಸಲವೂ. ಹಾಡಿದಷ್ಟು ಹೊತ್ತು ಸಾವನ್ನೂ ನಿಲ್ಲಿಸಬಹುದು ಎಂದು ನಾನು ಪೂರ್ತಿ ನಂಬಿದ್ದೆ.

ಎಡಬಲಕ್ಕೆ ಕಲ್ಲುಕಂಬದ ಮಂಟಪಗಳ ಸಾಲು. 2011ರ ತನಕ ಇವುಗಳಲ್ಲಿ ಅಂಗಡಿ, ಒಲೆ, ತೊಟ್ಟಿಲು ಎಲ್ಲ ಇದ್ದವು. ತೆರವಾದ ಮೇಲೆ ಬೀದಿಯ ಉದ್ದವೇ ಹೆಚ್ಚಾದಂತೆ ಕಾಣುತ್ತದೆ. ಆ ಸಂಸಾರಗಳ ಗದ್ದಲ ನನಗೆ ಈಗಲೂ ಬೇಕು. ಇದು ಜನ ತುಂಬಿರಲೆಂದೇ ಕಟ್ಟಿದ ಬೀದಿ. ಕೃಷ್ಣದೇವರಾಯ ಬರೆದ ಸಂಸ್ಕೃತ ನಾಟಕ ‘ಜಾಂಬವತೀ ಕಲ್ಯಾಣ’ವನ್ನು ಆಡಿದ್ದು ಇದೇ ವಿರೂಪಾಕ್ಷನ ವಸಂತೋತ್ಸವಕ್ಕೆ. ಇಂಥದೇ ಚೈತ್ರದಲ್ಲಿ, ಇಂಥದೇ ಜಾತ್ರೆಯಲ್ಲಿ! ನೆನೆದರೆ ಮೈ ಜುಮ್ಮೆನ್ನುತ್ತದೆ.

ಬೀದಿಯ ಮೂಡಣ ತುದಿಯಲ್ಲಿ ಎದುರು ಬಸವಣ್ಣ, ಅವನ ಹಿಂದೆ ಮತಂಗ ಬೆಟ್ಟದ ಬಂಡೆಗಳು. ಹಂಪಿ ಉತ್ಸವದಲ್ಲಿ ಇಲ್ಲೂ ವೇದಿಕೆ ಏಳುತ್ತದೆ. ನೆರಳಲ್ಲಿ ಕೂತು 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನನ್ನು ನೆನೆಯುತ್ತೇನೆ. ಅವನು ಮಹಾನವಮಿಯ ಸಂಭ್ರಮ ಬರೆದಿಟ್ಟಿದ್ದಾನೆ. ಅರಸನೆದುರು ಚೆಂದದ ಪರದೆ, ಅದರ ಹಿಂದೆ ಹುಡುಗಿಯರು. ಥಟ್ಟನೆ ಪರದೆ ಎರಡೂ ಬದಿಗೆ ಸರಿಯಿತು, ಕುಣಿತ ಶುರುವಾಯಿತು. ಅರಮನೆಯ ಕಡೆ ಆ ದಿನ ಸರಿದ ಪರದೆಗೂ ನಮ್ಮ ಕಂಪನಿಯ ಪರದೆಗೂ ನಡುವೆ ಐದು ಶತಮಾನವಿದೆ. ಪರದೆ ಸರಿಯುವ ಮುಂಚಿನ ಆ ಉಸಿರು ಬಿಗಿಹಿಡಿದ ಗಳಿಗೆ ಮಾತ್ರ ಅವನದೂ ನನ್ನದೂ ಒಂದೇ.

ಪಕ್ಕದ ಕಂಬಕ್ಕೆ ಒರಗಿದ ಮುದುಕರೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದಾರೆ. ಕಂಪ್ಲಿ ಕಡೆಯವರಂತೆ.

“ಬಯಲಾಟದೋರೇನು ತಾತ?”

“ಹೌದಪ್ಪಾ, ಭೀಮ ಆಗ್ತಿದ್ದೆ. ಭುಜಕೀರ್ತಿ, ಕಿರೀಟ ಕಟ್ಟಿ ಕುಣಿದ್ರೆ ಅಟ್ಟ ಅಳ್ಳಾಡಬೇಕು ನೋಡು. ಈಗ ಮೊಮ್ಮಗ ಮಾಡ್ತಾನ. ಗಂಟಲು ಐತಿ, ಹೆಜ್ಜಿ ಇನ್ನಾ ಕೂಡಂಗಿಲ್ಲ.”

ಹಾಗೆಂದು ಎದ್ದೇ ಬಿಟ್ಟರು. ಗದೆಯಿಲ್ಲದ ಕೈ ಹೆಗಲಿಗೇರಿತು. ಭೀಮನ ಪ್ರವೇಶದ ಪದ ಮೊದಲು ಮೆಲ್ಲಗೆ, ಆಮೇಲೆ ಕಲ್ಲಿಗೆ ಬಡಿದು ತಿರುಗಿ ಬರುವಷ್ಟು ಜೋರಾಗಿ. ಹೂವಿನಾಕೆ ಬುಟ್ಟಿ ಇಳಿಸಿದಳು, ಪೀಪಿಯ ಮಕ್ಕಳು ಓಡಿ ಬಂದರು.

ತೇರು ಮುಗಿದ ವಾರಕ್ಕೆ ಅವರ ಊರಲ್ಲಿ ಆಟವಂತೆ, ತಾಲೀಮು ನಡೆದಿದೆಯಂತೆ. “ಬಾರಪ್ಪಾ, ಚಾಪೆ ತರೋದು ಮರೀಬ್ಯಾಡ” ಎಂದರು. ಕಂಪ್ಲಿಯಿಂದ ಆ ಊರಿಗೆ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿ ಬರೆದುಕೊಳ್ಳುತ್ತಿದ್ದೇನೆ.