ಮೂರನೆಯ ವೃಕ್ಕ

ಸಂಸ್ಕೃತದಲ್ಲಿ ವೃಕ್ಕಶಬ್ದವನ್ನು ದ್ವಿವಚನದಲ್ಲಿ ಹೇಳುವುದು ರೂಢಿ; ಮೂತ್ರಪಿಂಡಗಳು ಎರಡೇ ತಾನೆ? ನಮ್ಮ ದೇಹಕ್ಕಾದರೋ ಈಗ ಬಹುವಚನವೇ ಬೇಕು. ಕೆಟ್ಟುಹೋದ ಎರಡನ್ನೂ ಬೆನ್ನ ಕಡೆ ಇದ್ದಲ್ಲಿಯೇ ಬಿಟ್ಟು, ನಮ್ಮ ಸಹಧರ್ಮಿಣಿಯು ಕೊಟ್ಟ ಒಂದನ್ನು ವೈದ್ಯರು ಬಲಗಡೆಯ ಕಿಬ್ಬೊಟ್ಟೆಯಲ್ಲಿ ಕಸಿಮಾಡಿರುವರು. ಅದು ಚರ್ಮಕ್ಕೆ ಸಮೀಪವಾಗಿರುವುದರಿಂದ ಅಲ್ಟ್ರಾಸೌಂಡ್ ಪರೀಕ್ಷೆಗೆ ಬಹಳ ಅನುಕೂಲ.

ಹಾಲಾಡಿಯಿಂದ ಮಣಿಪಾಲಕ್ಕೆ ಹೋಗಿ ಮಲಗಿದೆವೆಂದರೆ, ತಣ್ಣನೆಯ ಲೇಪವನ್ನು ಸವರಿ, ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಒಳಗೆ ಕಳುಹಿಸುವರು. ಮರಳಿದ ಪ್ರತಿಧ್ವನಿಯೇ ಚಿತ್ರವಾಗುವುದು. ಕ್ಷ-ಕಿರಣದ ಭಯವಿಲ್ಲ. ಮೂತ್ರವು ತಡೆದು ಪಿಂಡವು ಉಬ್ಬಿದೆಯೇ, ಸುತ್ತ ನೀರು ನಿಂತಿದೆಯೇ ಎಂಬುದು ಕಾಣುವುದು. ಡಾಪ್ಲರ್ ಕ್ರಮದಲ್ಲಿ ರಕ್ತದ ಓಟವು ಕಿವಿಗೂ ಕೇಳುವುದು, ಒಲೆಯನ್ನು ಊದುಗೊಳವೆಯಿಂದ ಬಿಟ್ಟುಬಿಟ್ಟು ಊದಿದಂತೆ. ರಕ್ತನಾಳಗಳ ಪ್ರತಿರೋಧವನ್ನು ಒಂದು ಅಂಕೆಯಿಂದ ಸೂಚಿಸುವರು; ಅದು 0.8ನ್ನು ಮೀರಿದರೆ ವೈದ್ಯರ ಹುಬ್ಬು ಗಂಟಿಕ್ಕುವುದು.

ಆದರೆ ದೇಹವು ಪರಾಂಗವೆಂದು ಅದನ್ನು ತಿರಸ್ಕರಿಸುತ್ತಿದೆಯೋ, ನುಂಗುವ ಔಷಧವೇ ಅದನ್ನು ಬಾಧಿಸುತ್ತಿದೆಯೋ ಎಂಬುದನ್ನು ಈ ಯಂತ್ರವು ನಿಶ್ಚಯಿಸಿ ಹೇಳಲಾರದು. ಅದಕ್ಕೆ ಸೂಜಿಯಿಂದ ಒಂದೆಳೆ ತೆಗೆದು ಬಯಾಪ್ಸಿ ಮಾಡಬೇಕು. ಸೂಜಿಗೆ ದಾರಿ ತೋರುವುದು ಮಾತ್ರ ಇದೇ ಯಂತ್ರ. ಚಿತ್ರ ಚೆನ್ನಾಗಿದೆಯೆಂದು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನು ಬಿಡುವಂತಿಲ್ಲ.

ನಾವು ಹೊರಗೆ ಬಂದೊಡನೆ ಮನೆಯಾಕೆ, “ನಂದು ಹ್ಯಾಂಗಿತ್ತ್?” ಎಂದು ಕೇಳುವಳು. ಷಷ್ಠೀವಿಭಕ್ತಿಯ ಆ ಪ್ರಯೋಗವನ್ನು ನಾವು ತಿದ್ದುವುದಿಲ್ಲ. ಆಕೆಗೆ ಉಳಿದಿರುವುದು ಒಂದೇ. ಅದಕ್ಕೂ ವರ್ಷಕ್ಕೊಮ್ಮೆ ಪರೀಕ್ಷೆ ಬೇಕೆಂದರೆ ಬಸ್ಸಿಗೆ ಹೊತ್ತಾಯಿತೆನ್ನುವಳು. ಈ ಸಾರಿ ಆಕೆಯ ಹೆಸರಿನಲ್ಲಿಯೂ ಒಂದು ಚೀಟಿ ಮಾಡಿಸಿದೆವು.