ಮೈ ತುಂಬಿದ ಮೇಲೆ

ಮೈಸೂರಿನ ಸರಸ್ವತೀಪುರದ ಉಪಾಧ್ಯಾಯರೊಬ್ಬರು ಮನಸ್ಸಿನ ಖಿನ್ನತೆಯಿಂದ ಕೃಶರಾಗಿ, ಊಟದೆಲೆಯ ಮುಂದೆ ಸುಮ್ಮನೆ ಕುಳಿತು ಏಳುತ್ತಿದ್ದರು. ವೈದ್ಯರು ಕೊಟ್ಟ ಮಿರ್ಟಜಪೀನ್ ಎಂಬ ಗುಳಿಗೆಯಿಂದ ಮೊದಲು ನಿದ್ರೆ ಬಂದಿತು, ಆಮೇಲೆ ಹಸಿವು. “ಮೈ ತುಂಬಿಕೊಂಡಿರಿ, ಸಂತೋಷ” ಎಂದರು ನೆರೆಯವರು. ಕನ್ನಡದಲ್ಲಿ ಆ ಮಾತು ಆರೋಗ್ಯಕ್ಕೇ ಪರ್ಯಾಯವಲ್ಲವೆ!

ಆದರೆ ಹಸಿವು ಅಲ್ಲಿಗೆ ನಿಲ್ಲಲಿಲ್ಲ. ಐದು ತಿಂಗಳಲ್ಲಿ ತೂಕ 9 ಕಿಲೋಗ್ರಾಂ ಏರಿತು. ಕೋಟಿನ ಗುಂಡಿಗಳು ಕೂಡದಾದುವು. ಹರಸಿದವರೇ ಹಾಸ್ಯಕ್ಕೆ ತೊಡಗಿದರು. ಇದನ್ನು ನಾಲಗೆಯ ಚಾಪಲ್ಯವೆನ್ನುವುದು ಅನ್ಯಾಯ: ಆ ಔಷಧವು ಮೆದುಳಿನಲ್ಲಿ ಹಿಸ್ಟಮಿನ್ನಿನ ಕೆಲಸವನ್ನು ತಡೆಯುವುದರಿಂದ, ನಿದ್ರೆಯನ್ನು ತಂದ ಗುಣವೇ ಹಸಿವನ್ನೂ ಕೆರಳಿಸುತ್ತದೆ. ಉಪಾಧ್ಯಾಯರಿಗೆ ಇದು ತಿಳಿಯದು. ನಾಚಿ, ಯಾರಿಗೂ ಹೇಳದೆ ಗುಳಿಗೆಯನ್ನು ಬಿಟ್ಟರು. ತೂಕವಿಳಿಯುವ ಮೊದಲೇ ಹಳೆಯ ಕತ್ತಲೆ ಹಿಂದಿರುಗಿತು.

ವೈದ್ಯರು ಗದರಲಿಲ್ಲ; “ತೂಕದ ಸಂಗತಿಯನ್ನು ಮೊದಲೇ ಹೇಳಬೇಕಾಗಿತ್ತು” ಎಂದಷ್ಟೇ ನುಡಿದರು. ಇಂಥ ಗುಳಿಗೆಗಳೆಲ್ಲವೂ ಒಂದೇ ಸಮನಾಗಿ ತೂಕವನ್ನೇರಿಸವು. ಬ್ಯೂಪ್ರೊಪಿಯಾನ್ ಸಾಮಾನ್ಯವಾಗಿ ಏರಿಸದು. ಆದರೆ ಮೂರ್ಛೆರೋಗವಿದ್ದವರಿಗೆ ಸಲ್ಲದು. ಉಪಾಧ್ಯಾಯರಿಗೆ ಆ ರೋಗವು ಹಿಂದೆ ಇದ್ದಿತು. ಬೇರೆ ಕೆಲವು ಔಷಧಗಳು ಫಲಿಸಿರಲಿಲ್ಲ. ಹಾಗಾಗಿ ಹಳೆಯ ಗುಳಿಗೆಯೇ ಮತ್ತೆ ಬಂದಿತು.

ರಾತ್ರಿಯ ಅನ್ನ ಕಡಿಮೆಯಾಯಿತು. ಸೊಪ್ಪು, ಹುರುಳಿ ಹೆಚ್ಚಾದುವು. ಮೈಸೂರು ಪಾಕು ಹಬ್ಬಕ್ಕೆ ಮಾತ್ರ. ಪ್ರತಿ ಸಂಜೆ, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡಿಗೆ. ವರ್ಷದಲ್ಲಿ 4 ಕಿಲೋಗ್ರಾಂ ಇಳಿಯಿತು, 5 ಉಳಿಯಿತು.

ಹೊಸ ಕೋಟು ಹೊಲಿಸಲು ಹೋದಾಗ ದರ್ಜಿಯು, ಹಳೆಯ ಅಳತೆ ಪುಸ್ತಕದಲ್ಲಿದೆಯೆಂದನು. “ಬೇಡಪ್ಪ, ಈಗಿನದನ್ನೇ ಹಿಡಿ” ಎಂದು ಅವರು ತೋಳುಗಳನ್ನೆತ್ತಿ ನಿಂತರು.